ಹೆಸರು ಗೊತ್ತಾದರೆ ಸಾಕಾ?

ಕ್ಯಾಂಪಸ್ ಕನ್ಫೆಷನ್ ಪೇಜ್‌ಗಳ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಯುಎಸ್‌ಎನ್ ಹಾಕಿದರೆ ಮಾತ್ರ ಪೋಸ್ಟ್ ಮಾಡೋ ಹಾಗೆ ಮಾಡಿ, ಎಲ್ಲರೂ ತೆಪ್ಪಗಿರ್ತಾರೆ." ಹೆಸರು ಗೊತ್ತಾದರೆ ಹೊಣೆ ತಾನಾಗೇ ಬರುತ್ತೆ ಅನ್ನೋದು ಇದರ ಹಿಂದಿನ ಲೆಕ್ಕ. ಈ ಲೆಕ್ಕ ತಪ್ಪು ಅಂತ ನನ್ನ ವಾದ. ನಾವೆಲ್ಲ ಹುಟ್ಟೋಕೆ ಮುಂಚೆ ನಡೆದ ಯೂಸ್‌ನೆಟ್ ಕಥೆ ಅದಕ್ಕೆ ಸಾಕ್ಷಿ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್, ಯೋಚಿಸಿದ ಚರ್ಚಾಜಾಲ ಇದು. ಕೇಂದ್ರ ಸರ್ವರ್ ಅಂತ ಒಂದು ಇರಲೇ ಇಲ್ಲ. ಒಂದು ಯೂನಿಕ್ಸ್ ಯಂತ್ರ ಫೋನ್ ಲೈನ್‌ನಲ್ಲಿ ಇನ್ನೊಂದಕ್ಕೆ ಡಯಲ್ ಮಾಡಿ ಹೊಸ ಸಂದೇಶಗಳನ್ನು ದಾಟಿಸೋದು, ಅದು ಮತ್ತೊಂದಕ್ಕೆ. ಅಂದರೆ ಒಬ್ಬನನ್ನು ಇಡೀ ಜಾಲದಿಂದ ಆಚೆ ಹಾಕೋ ಅಧಿಕಾರ ಯಾರ ಕೈಯಲ್ಲೂ ಇರಲಿಲ್ಲ. ಆದರೂ ತಕ್ಕಮಟ್ಟಿಗೆ ಶಿಸ್ತಿತ್ತು. ಪ್ರತಿ ಯಂತ್ರಕ್ಕೂ ಒಬ್ಬ ಅಡ್ಮಿನ್ ಇದ್ದ. "ನಿಮ್ಮ ಹುಡುಗ ಇಲ್ಲಿ ಹೊಲಸು ಬರೀತಿದ್ದಾನೆ" ಅಂತ ಮೇಲ್ ಹೋದರೆ ಅವನು ಅಕೌಂಟ್ ಮುಚ್ಚಬಹುದಿತ್ತು. ಅವನೂ ಕಿವಿಗೆ ಹಾಕಿಕೊಳ್ಳದಿದ್ದರೆ ಪಕ್ಕದ ಯಂತ್ರದವರು ಅವನ ಸಂದೇಶಗಳನ್ನೇ ಮುಂದೆ ದಾಟಿಸದೆ ಬಿಡಬಹುದಿತ್ತು. ಅಲ್ಲಿ ಕೆಲಸ ಮಾಡಿದ್ದು ಹೆಸರಲ್ಲ, ಈ ಅಕ್ಕಪಕ್ಕದ ಮುಲಾಜು.

1994ರ ಏಪ್ರಿಲ್‌ನಲ್ಲಿ ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್, ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು 5,000ಕ್ಕೂ ಹೆಚ್ಚು ನ್ಯೂಸ್‌ಗ್ರೂಪ್‌ಗಳಿಗೆ ಸುರಿದರು. ಅವರೇನು ಹೆಸರು ಬಚ್ಚಿಟ್ಟಿದ್ರಾ? ಇಲ್ಲ, ರಾಜಾರೋಷವಾಗಿ ಹಾಕಿದ್ದರು. ಹೆಸರಿಲ್ಲದೆ ಗಿರಾಕಿ ಬರೋದಾದ್ರೂ ಹೇಗೆ! ಜನ ಬೈದು ಕಳಿಸಿದ ಮೇಲ್‌ಗಳ ಭಾರಕ್ಕೆ ಅವರ ಇಂಟರ್ನೆಟ್ ಕಂಪನಿಯ ಯಂತ್ರವೇ ಕುಸಿಯಿತು, ಕಂಪನಿ ಅವರ ಅಕೌಂಟ್ ಕಿತ್ತುಹಾಕಿತು. ದಂಪತಿಗೆ ಇದರಿಂದ ನಾಚಿಕೆಯೇನೂ ಆಗಲಿಲ್ಲ. ಇಂಟರ್ನೆಟ್‌ನಲ್ಲಿ ದುಡ್ಡು ಮಾಡೋದು ಹೇಗೆ ಅಂತ ಪುಸ್ತಕ ಬರೆದರು.

ಅದೇ ಕಾಲದಲ್ಲಿ ಫಿನ್‌ಲೆಂಡ್‌ನ ಯೊಹಾನ್ ಹೆಲ್ಸಿಂಗಿಯಸ್ ತದ್ವಿರುದ್ಧ ಕೆಲಸ ಮಾಡುತ್ತಿದ್ದರು. ಅವರ ಪೆನೆಟ್ ಸರ್ವರ್ ನಿಮ್ಮ ಹೆಸರು ತೆಗೆದು ಒಂದು ನಂಬರ್ ಹಾಕಿ ಸಂದೇಶ ಕಳಿಸುತ್ತಿತ್ತು. ಲೈಂಗಿಕ ದೌರ್ಜನ್ಯ ಅನುಭವಿಸಿದವರು ಮನಸ್ಸು ಬಿಚ್ಚಿ ಬರೆಯೋಕೆ ಇದನ್ನು ಬಳಸಿದರು. ಕಿಡಿಗೇಡಿಗಳೂ ಬಳಸಿದರು, ಅದನ್ನು ಅಲ್ಲಗಳೆಯೋ ಹಾಗಿಲ್ಲ. ಆದರೆ ದೂರು ಬಂದರೆ ಆ ನಂಬರನ್ನು ಬ್ಲಾಕ್ ಮಾಡೋಕೆ ಒಬ್ಬ ಮನುಷ್ಯ ಇದ್ದರು, ಅವರ ಹೆಸರು ಎಲ್ಲರಿಗೂ ಗೊತ್ತಿತ್ತು. ಬರೆದವರು ಮರೆಯಲ್ಲಿದ್ದರೂ ಉತ್ತರ ಕೊಡೋರು ಎದುರಿಗಿದ್ದರು.

ಪೆನೆಟ್‌ನ ಅಂತ್ಯ ಯುಎಸ್‌ಎನ್ ಕೇಳೋರು ಓದಬೇಕಾದ್ದು. ಯಾವ ನಂಬರ್ ಯಾರದ್ದು ಅನ್ನೋ ಪಟ್ಟಿ ಸರ್ವರ್‌ನಲ್ಲೇ ಇತ್ತು. 1995ರಲ್ಲಿ ಚರ್ಚ್ ಆಫ್ ಸೈಂಟಾಲಜಿ ದೂರು ಕೊಟ್ಟಾಗ ಪೊಲೀಸರು ಬಂದರು, ಒಬ್ಬ ಬಳಕೆದಾರನ ವಿಳಾಸ ಕೊಡಲೇಬೇಕಾಯಿತು. ಮರುವರ್ಷ ಹೆಲ್ಸಿಂಗಿಯಸ್ ಸೇವೆಯನ್ನೇ ಮುಚ್ಚಿದರು. ಪಟ್ಟಿ ಅಂತ ಒಂದಿದ್ದರೆ ಅದನ್ನು ಕೇಳಿಕೊಂಡು ಬಲ ಇರೋರು ಬಂದೇ ಬರ್ತಾರೆ. ನಮ್ಮಲ್ಲಿ ಸೀನಿಯರ್ ಬಗ್ಗೆಯೋ ಗೈಡ್ ಬಗ್ಗೆಯೋ ಒಬ್ಬಳು ಬರೆದಳು ಅಂದುಕೊಳ್ಳಿ. ಪಟ್ಟಿ ಕೇಳೋಕೆ ಮೊದಲು ಬರೋದು ಯಾರು?

ಅಕ್ಕಪಕ್ಕದ ಮುಲಾಜೇನೂ ಮೃದು ಅಲ್ಲ, ಅದನ್ನೂ ಹೇಳಬೇಕು. 1997ರಲ್ಲಿ ಸ್ಪ್ಯಾಮ್ ತಡೆಯದ ಯುಯುನೆಟ್ ಕಂಪನಿಯಿಂದ ಬಂದ ಪೋಸ್ಟ್‌ಗಳನ್ನೆಲ್ಲ ಸ್ವಯಂಸೇವಕರು ಅಳಿಸತೊಡಗಿದರು. ಅದಕ್ಕೆ 'ಯೂಸ್‌ನೆಟ್ ಮರಣದಂಡನೆ' ಅಂತಲೇ ಹೆಸರು. ಕೆಲವೇ ದಿನಗಳಲ್ಲಿ ಕಂಪನಿ ದಾರಿಗೆ ಬಂತು, ನಡುವೆ ತಪ್ಪೇ ಮಾಡದ ಗ್ರಾಹಕರ ಬಾಯಿಯೂ ಕಟ್ಟಿತ್ತು. ಅದು ನ್ಯಾಯ ಅಂತ ನಾನು ಹೇಳಲ್ಲ.

ಆದರೆ ಬರೆಯೋರ ಯುಎಸ್‌ಎನ್ ಕೇಳೋ ಮುಂಚೆ ಪೇಜ್ ನಡೆಸೋರ ಹೆಸರು ಕೇಳೋಣ. ಈಗ ಬಹಳಷ್ಟು ಪೇಜ್‌ಗಳಲ್ಲಿ ಅಡ್ಮಿನ್‌ಗಳೇ ಅನಾಮಿಕರು. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗಿಯ ಫೋಟೋ ಅಲ್ಲಿ ಬಂದರೆ, ತೆಗೆಸೋಕೆ ಯಾರ ರೂಮಿನ ಬಾಗಿಲು ತಟ್ಟಬೇಕು?