ಕೆಸರಲ್ಲಿ ತಗಡು ಹೂತರೆ ಬರೋ ಕರೆಂಟು ಯಾರದ್ದು?

ಹೋದ ವಾರ ನಮ್ಮೂರಿಗೆ ಒಬ್ಬರು 'ಗದ್ದೆ ಕೆಸರಿಂದ ಕರೆಂಟು' ಅಂತ ಕಿಟ್ ತಂದಿದ್ದರು. ಕೆಸರೊಳಗೆ ಸತುವಿನ ತಗಡು, ಮೇಲೆ ನಿಂತ ನೀರಲ್ಲಿ ತಾಮ್ರದ ತಗಡು. ವೈರ್ ಮುಟ್ಟಿಸಿದ ಕೂಡಲೇ ಮೀಟರಲ್ಲಿ 0.9 ವೋಲ್ಟ್! ನಾಲ್ಕು ಡಬ್ಬ ಸಾಲಾಗಿ ಜೋಡಿಸಿದಾಗ ಪುಟ್ಟ ಎಲ್‌ಇಡಿ ಹತ್ತಿತು. ಎಲ್ಲಾ ಸೂಕ್ಷ್ಮಜೀವಿಗಳ ಮಹಿಮೆ ಅಂದರು. ಸಂಘದಿಂದ ದುಡ್ಡು ಹಾಕೋ ಮಾತು ನಡೀತಿದೆ. ನಾನಂತೂ ಬೇಡ ಅಂತೀನಿ.

ಆ ಬೆಳಕು ಜೀವಿಗಳದ್ದಲ್ಲ, ತಗಡಿನದ್ದು. ಸತು ಕರಗ್ತಾ ಕರೆಂಟು ಕೊಡತ್ತೆ, ಅಷ್ಟೇ. ನಿಂಬೆಹಣ್ಣಿಗೆ ಚುಚ್ಚಿದರೂ ಇಷ್ಟೇ ಬರತ್ತೆ. ಗದ್ದೆಗೆ ಸತು ಬೇಕಿದ್ದರೆ ಜಿಂಕ್ ಸಲ್ಫೇಟ್ ಚೀಲವೇ ಅಗ್ಗ ಮಾರಾಯ್ರೆ.

ಹಾಗಂತ ವಿಷಯವೇ ಸುಳ್ಳಲ್ಲ. ಗಾಳಿಯಾಡದ ಕೆಸರಲ್ಲಿ ಜಿಯೋಬ್ಯಾಕ್ಟರ್‌ನಂಥ ಜೀವಿಗಳಿವೆ. ಕೊಳೆತದ್ದನ್ನು ತಿಂದು, ಉಳಿದ ಎಲೆಕ್ಟ್ರಾನುಗಳನ್ನು ಮಣ್ಣಿನ ಕಬ್ಬಿಣಕ್ಕೆ ದಾಟಿಸ್ತವೆ. ಆ ಜಾಗದಲ್ಲಿ ನಾವು ಇಂಗಾಲ ಇಟ್ಟರೆ ಅದಕ್ಕೇ ಕೊಡ್ತವೆ. ಆದರೆ ಅವು ಅದರ ಮೇಲೆ ಲೋಳೆಯ ಹಾಗೆ ಬೆಳೆದು ಕೂರಬೇಕು, ಅದಕ್ಕೆ ಎಷ್ಟೋ ದಿನ, ಕೆಲವೊಮ್ಮೆ ವಾರಗಳೇ ಬೇಕು. ಮುಟ್ಟಿಸಿದ ಕ್ಷಣಕ್ಕೆ ಮುಳ್ಳು ಏರಿದರೆ ಅಲ್ಲೇ ಅನುಮಾನ ಪಡಿ.

ಅದಕ್ಕೇ ಇಂಗಾಲ ಅನ್ನೋದು. ಅದು ಕರಗಲ್ಲ, ಜೀವಿಗಳಿಗೆ ವಿಷವೂ ಅಲ್ಲ. ತಾಮ್ರದ ಗುಣ ನಮಗೆ ಹೇಳಿಕೊಡಬೇಕಾ? ಅಡಿಕೆ ಕೊಳೆಗೆ ಮೈಲುತುತ್ತ ಹೊಡೆಯೋದು ಯಾಕೆ ಮತ್ತೆ! ಹಳೇ ಟಾರ್ಚ್ ಸೆಲ್ಲಿನ ಕಡ್ಡಿ ನಡೆಯತ್ತೆ, ಆದರೆ ನುಣುಪು, ಜೀವಿಗಳಿಗೆ ಕೂರಲು ಜಾಗ ಕಡಿಮೆ. ಕಾರ್ಬನ್ ಫೆಲ್ಟ್ ಅನ್ನೋ ಕಂಬಳಿಯಂಥ ಬಟ್ಟೆ ಉತ್ತಮ, ಎಳೆ ಎಳೆಯಲ್ಲೂ ಜಾಗ. ದುಬಾರಿ ಅನ್ನೋದು ನಿಜ. ಒಲೆ ಇದ್ದಿಲು ಸಾಮಾನ್ಯವಾಗಿ ಆಗಲ್ಲ, ಕಡಿಮೆ ಶಾಖದಲ್ಲಿ ಸುಟ್ಟದ್ದು ಕರೆಂಟು ಹರಿಸಲ್ಲ. ಮೀಟರಿನ ಎರಡು ಕಡ್ಡಿ ಇಟ್ಟು ನೋಡಿ, ಗೊತ್ತಾಗತ್ತೆ. ವೈರಿಗೆ ಸ್ಟೀಲ್ ತಂತಿ ಸಾಕು, ಜಿಐ ತಂತಿ ಬೇಡ, ಅದರ ಮೇಲೂ ಸತುವೇ.

ಇಷ್ಟು ಮಾಡಿದರೂ ಸಿಗೋದು ಚದರ ಮೀಟರಿಗೆ ಮಿಲಿವ್ಯಾಟ್ ಲೆಕ್ಕ. ತೇವ ಅಳೆಯೋ ಸಣ್ಣ ಸೆನ್ಸಾರಿಗೆ ಆದೀತು, ಪಂಪ್‌ಸೆಟ್ಟಿನ ಕನಸು ಬೇಡ.

ಭಾನುವಾರದ ಮೀಟಿಂಗಿಗೆ ನಾನೊಂದು ಡಬ್ಬ ಚೆನ್ನಾಗಿ ಕುದಿಸಿ ಆರಿಸಿದ ಕೆಸರು ತರ್ತೀನಿ. ಜೀವಿಗಳೆಲ್ಲ ಬೆಂದಿರ್ತವೆ. ಕಿಟ್ಟಿನವರು ತಮ್ಮ ತಗಡನ್ನ ಅದರಲ್ಲಿ ಹೂತು ತೋರಿಸಲಿ.