ಹಾಯ್ತ ದನವ ಬೇರೆ ಕಟ್ಟುತ್ತು, ಮೀನಿನ ಮಾಂತ್ರ ಎಂತಕೆ ಒಟ್ಟಿಂಗೆ?

ನೇರ ಹೇಳಿಬಿಡ್ತೆ, ನೆಂಟರಿಂಗೆ ಕೋಪ ಬಂದರೆ ಬರಳಿ. ಚಾವಡಿಲಿ ಮಡಗಿದ ಎರಡಡಿ ಉದ್ದದ ಗಾಜಿನ ಪೆಟ್ಟಿಗೆಲಿ ಗಪ್ಪಿ, ಟೆಟ್ರಾ, ಮೋಲಿ ಹೇಳ್ತ ಕಿರುಬೆರಳಿನಷ್ಟಕೆ ಇಪ್ಪ ಪಾಪದ ಮೀನುಗಳ ಒಟ್ಟಿಂಗೆ ಓಸ್ಕರಿನ, ಫ್ಲವರ್‌ಹಾರ್ನಿನ, ಅಂಗಡಿಯವು 'ಶಾರ್ಕ್' ಹೇಳಿ ಮಾರ್ತ ಜಾತಿಯ ತಂದು ಬಿಡುದರ ಹವ್ಯಾಸ ಹೇಳಿ ಹೇಳ್ಲಾಗ. ಎರಡು ಜೀವವ ಒಂದು ಕೋಣೆಲಿ ಕೂಡಿ ಹಾಕಿ, ಹೆರಂದ ಚಿಲಕ ಹಾಕಿ, ಎಂತ ಆವುತ್ತು ನೋಡುವೊ° ಹೇಳಿ ಸೋಫಲ್ಲಿ ಕೂದುಗೊಂಬದು ಅದು.

ಪುತ್ತೂರು, ಸುಳ್ಯ, ಕಡಬ ಹೊಡೆಲಿ ಈಗ ಹೊಸ ಮನೆ ಒಕ್ಕಲು ಆದರೆ ಟೀವಿ, ಫ್ರಿಜ್ಜಿನ ಹಾಂಗೇ ಮೀನಿನ ಟೇಂಕುದೇ ಒಂದು ಸಾಮಾನು ಆಗಿ ಹೋಯಿದು. "ಮಾಣಿಗೆ ಕೊಶಿ ಹೇಳಿ ತಂದದು" ಹೇಳ್ತವು. ತಪ್ಪಲ್ಲ. ನೀರಿಲಿ ಮೀನು ಓಡುದರ ನೋಡಿರೆ ಎನಗೂ ಕೊಶಿಯೇ. ಎನ್ನ ತಕರಾರು ಮೀನು ಸಾಂಕುದರ ಮೇಗೆ ಅಲ್ಲ, ಆರ ಒಟ್ಟಿಂಗೆ ಆರ ಸಾಂಕುದು ಹೇಳುದರ ಮೇಗೆ.

ಹಟ್ಟಿಯ ಲೆಕ್ಕಲ್ಲಿ ನೋಡಿ. ನಮ್ಮ ಅಜ್ಜಂದ್ರು ನಾಲ್ಕನೇ ಕ್ಲಾಸಿಂದ ಮೇಗೆ ಕಲಿಯದ್ದವುದೇ ಹಾಯ್ತ ದನವ ಕಂಜಿಯ ಹತ್ತರೆ ಕಟ್ಟಿದ್ದವಿಲ್ಲೆ. "ನಾಕು ದಿನ ಒಟ್ಟಿಂಗೆ ಇರಳಿ, ಅಭ್ಯಾಸ ಅಕ್ಕು" ಹೇಳಿದ್ದವೂ ಇಲ್ಲೆ. ಬೇರೆ ಗೂಟ, ಬೇರೆ ಬಳ್ಳಿ, ಮುಗುದತ್ತು. ಅದೇ ಮನೆಯ ಪುಳ್ಳಿ, ಬೆಂಗ್ಳೂರಿಲಿ ದೊಡ್ಡ ಡಿಗ್ರಿ ಮಾಡಿಕ್ಕಿ ಬಂದವ°, ಗಪ್ಪಿಯ ಒಟ್ಟಿಂಗೆ ಓಸ್ಕರ್ ಬಿಡ್ತ°.

ಓಸ್ಕರ್ ಹೇಳಿರೆ ದಕ್ಷಿಣ ಅಮೇರಿಕದ ಹೊಳೆಗಳ ಮೀನು. ಅಂಗಡಿಲಿ ಕಾಂಬಗ ಎರಡಿಂಚು, ಕಪ್ಪಿನ ಮೇಗೆ ಕಿತ್ತಳೆ ಬಣ್ಣದ ಚಿತ್ತಾರ, ಮೋರೆ ನೋಡಿರೆ ಮುದ್ದು ಮಾಡುವ° ಹೇಳಿ ಕಾಣ್ತು. ಸರೀ ತಿಂಬಲೆ ಸಿಕ್ಕಿರೆ ಮೊದಲಾಣ ವರ್ಷ ತಿಂಗಳಿಂಗೆ ಹತ್ತರತ್ತರೆ ಒಂದಿಂಚು ಬೆಳೆತ್ತು. ವರ್ಷ ಅಪ್ಪಗ ಒಂದಡಿಯ ಹತ್ತರೆ ಬಂತು. ಮತ್ತೆ ಹತ್ತು ವರ್ಷ, ಅದರಿಂದ ಹೆಚ್ಚುದೇ ಬದುಕುಗು. ಈಗ ನಿಂಗಳ ಚಾವಡಿಯ ಟೇಂಕಿನ ಅಳೆರಿ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ತುಂಬ ತುಂಬುಸಿರೆ 56 ಲೀಟರು. ಅಡಿಲಿ ಬಣ್ಣದ ಕಲ್ಲು ಹಾಕಿ, ಮೇಗೆ ಎರಡಿಂಚು ಬಿಟ್ರೆ 45 ಲೀಟರುದೇ ಇರ. ಬೆಳದ ಒಂದು ಓಸ್ಕರಿಂಗೆ, ಅದೊಂದಕ್ಕೇ, ಕಡಮ್ಮೆಲಿ 280-300 ಲೀಟರು ಬೇಕು. ಒಂದಡಿಯ ಮೀನಿಂಗೆ ಒಂದಡಿ ಅಗಲದ ಪೆಟ್ಟಿಗೆಲಿ ತಿರುಗುಲೇ ಎಡಿಯ. ಗಪ್ಪಿಯ ಮಾತು ಮತ್ತಾಣದ್ದು, ಸುರೂವಿಂಗೆ ಓಸ್ಕರಿಂಗೇ ಅದು ಜೈಲು.

ಆ 'ಶಾರ್ಕ್' ಶಾರ್ಕೂ ಅಲ್ಲ, ಎಂತದೂ ಅಲ್ಲ. ಪಂಗಾಸಿಯಸ್ ಹೇಳ್ತ ಮುಗುಡು ಜಾತಿ, ಥಾಯ್ಲೆಂಡ್ ಹೊಡೆಯ ದೊಡ್ಡ ಹೊಳೆಗಳದ್ದು. ಹೋಟ್ಲುಗಳಲ್ಲಿ 'ಬಾಸಾ' ಹೇಳಿ ತಟ್ಟೆಗೆ ಬಪ್ಪದು ಹೆಚ್ಚಾಗಿ ಇದೇ ಬಳಗ. ಒಂದು ಮೀಟರಿಂದ ಹೆಚ್ಚು ಬೆಳೆತ್ತು. ಅದರ ಮೇಗಂದ ಹೆದರುಪುಕ್ಕ: ಇರುಳು ಪಕ್ಕನೆ ಲೈಟು ಹಾಕಿರೆ ಗಾಜಿಂಗೆ ಹೋಗಿ ಮೂಗು ಗುದ್ದಿಗೊಳ್ತು. ಮೂರಿಂಚಿನ ರೆಡ್‌ಟೈಲ್ ಕ್ಯಾಟ್‌ಫಿಶ್ಶಿನ ತಪ್ಪವುದೇ ಇದ್ದವು, ಅದುದೇ ಮೀಟರು ದಾಂಟುತ್ತ ಜಾತಿ. ಆನೆ ಮರಿಯ ಕೋಳಿಗೂಡಿಲಿ ಸಾಂಕಿದ ಹಾಂಗೆ.

ಇದರ ಎಲ್ಲ ಹೇಳಿರೆ ಬಪ್ಪ ಮೊದಲಾಣ ಉತ್ತರ: "ಸಣ್ಣಾದಿಪ್ಪಗಳೇ ಒಟ್ಟಿಂಗೆ ಬೆಳದರೆ ಎಂತ ಮಾಡ್ತಿಲ್ಲೆ ಅತ್ತಿಗೆ, ಹೊಂದಿಗೊಳ್ತವು." ಎಂತರ ಹೊಂದಿಗೊಂಬದು? ಒಟ್ಟಿಂಗೆ ಬೆಳೆತ್ತವಿಲ್ಲೆ. ಒಂದು ಬೆಳೆತ್ತು, ಇನ್ನೊಂದು ಅಲ್ಲಿಗೇ ನಿಲ್ಲುತ್ತು. ಗಪ್ಪಿ ಒಂದೂವರೆ ಇಂಚಿಲಿ ನಿಂದತ್ತು, ಓಸ್ಕರಿನ ಬಾಯಿ ಅದರಿಂದ ಅಗಲ ಆತು. ಮೀನಿನ ಲೋಕಲ್ಲಿ ಬಾಯಿಗೆ ಹಿಡಿವದೆಲ್ಲ ಆಹಾರ, ಅದರಲ್ಲಿ ದ್ವೇಷವೂ ಇಲ್ಲೆ, ದೋಷವೂ ಇಲ್ಲೆ. ಒಂದು ಉದಿಯಪ್ಪಗ ಲೆಕ್ಕ ಹಾಕಿರೆ ಎರಡು ಕಡಮ್ಮೆ ಇರ್ತು. "ಪುಚ್ಚೆ ತೆಗದತ್ತೋ ಏನೋ" ಹೇಳಿ ಪಾಪದ ಪುಚ್ಚೆಗೆ ಪೆಟ್ಟು.

ಎರಡನೇ ಉತ್ತರ, "ಹೊಟ್ಟೆ ತುಂಬ ಹಾಕಿರೆ ಆತು." ಆವುತ್ತಿಲ್ಲೆ. ಈ ಜಾತಿಯವು ಓಡುಸುದು ಹಶುವಿಂಗೆ ಮಾಂತ್ರ ಅಲ್ಲ, ಜಾಗಗೆ. ಟೇಂಕಿನ ಒಂದು ಮೂಲೆಯ 'ಇದು ಎನ್ನದು' ಹೇಳಿ ಹಿಡ್ಕೊಳ್ತವು, ಮೊಟ್ಟೆ ಮಡುಗುವ ಸಮಯಲ್ಲಿ ಇಡೀ ಟೇಂಕೇ ಅವರದ್ದು. ನಮ್ಮ ಊರಿಲಿ ವರ್ಗ ಜಾಗೆಯ ಗಡಿಕಲ್ಲಿನ ಲಡಾಯಿ ನೋಡಿದವಕ್ಕೆ ಇದರ ಬಿಡುಸಿ ಹೇಳೆಕ್ಕು ಹೇಳಿ ಇಲ್ಲೆ. ಹೊಟ್ಟೆ ತುಂಬಿದವೇ ಅಲ್ದೋ ಕೋರ್ಟಿಂಗೆ ಹೋಪದು?

ಕಚ್ಚದ್ದರೂ ಉಪದ್ರ ನಿಲ್ಲುತ್ತಿಲ್ಲೆ ಹೇಳುದರ ಜೆನ ನೋಡ್ತವಿಲ್ಲೆ. ಸಣ್ಣ ಮೀನುಗೊ ಹೀಟರಿನ ಹಿಂದೆ, ಪ್ಲಾಸ್ಟಿಕ್ ಗೆಡುವಿನ ಎಡೆಲಿ, ನೀರಿನ ಮೇಗಾಣ ಮೂಲೆಲಿ ರೆಕ್ಕೆ ಮುದ್ದೆ ಮಾಡಿಗೊಂಡು ನಿಂದಿರ್ತವು. ತಿಂಬಲೆ ಹಾಕಿರೆ ಬತ್ತವಿಲ್ಲೆ. ಹಾಂಗೆ ಸೊರಗಿ ಸೊರಗಿ, ಮೈಲಿ ಬೆಳಿ ಬೆಳಿ ಉಪ್ಪಿನ ಕಾಳು ಅಂಟಿದ ಹಾಂಗಿಪ್ಪ ಬೊಟ್ಟುಗೊ ಏಳ್ತು, ಒಂದು ವಾರಲ್ಲಿ ಸಾಯ್ತವು. "ಎಂತದೋ ಸೀಕು ಬಂತು" ಹೇಳ್ತವು. ಸೀಕು ಬಂದದು ಅಪ್ಪು, ಅದಕ್ಕೆ ಬಾಗಿಲು ತೆಗದು ಕೊಟ್ಟದು ಆರು? ಹೊರಂದ ನೋಡುವವಕ್ಕೆ ಮಾಂತ್ರ ಮನೆ ಶಾಂತ ಇದ್ದು, ಎಲ್ಲೋರೂ ಹೊಂದಿಗೊಂಡು ಇದ್ದವು. ಈ ಹೊಂದಿಗೊಂಬದರ ನವಗೆ ಹೆಮ್ಮಕ್ಕೊಗೆ ಸಣ್ಣಾಗಿಪ್ಪಗಂದ ಹೇಳಿ ಕೊಟ್ಟಿದವು, ಹಾಂಗಾಗಿ ಟೇಂಕಿನ ಮೂಲೆಲಿ ನಿಂದ ಮೀನಿನ ಗುರ್ತ ಎನಗೆ ಬೇಗ ಸಿಕ್ಕುತ್ತು. ಹೊಂದಿಗೊ ಹೇಳಿ ಬುದ್ಧಿ ಹೇಳುದು ಏವಗಳೂ ಸಣ್ಣ ಬಾಯಿಯವಕ್ಕೇ.

ಹೇಳಿದಾಂಗೆ, ಟೇಂಕು ತೊಳವದು ಆರು? ತಂದ ಗೆಂಡುಮಕ್ಕೊ ಅಲ್ಲ. ದೊಡ್ಡ ಮೀನಿನ ಹೇಲಿಂದ ನೀರಿಲಿ ಅಮೋನಿಯ ತುಂಬುತ್ತು, ಸಣ್ಣ ಫಿಲ್ಟರಿಲಿಪ್ಪ ಒಳ್ಳೆ ಬ್ಯಾಕ್ಟೀರಿಯಂಗೊಕ್ಕೆ ಅದರ ಸುಧಾರುಸುಲೆ ಎಡಿತ್ತಿಲ್ಲೆ. ನೀರು ಬದಲುಸದ್ದರೆ ಸುರೂವಿಂಗೆ ಸಾವದು ಸಣ್ಣದು. ಅದರ ಮೇಗಂದ ನಮ್ಮ ಮಳೆಗಾಲ: ಸುಳ್ಯ ಹೊಡೆಲಿ ಗಾಳಿಗೆ ಒಂದು ಗೆಲ್ಲು ಲೈನಿಂಗೆ ಬಿದ್ದರೆ ಕರೆಂಟು ಏವಗ ಬಕ್ಕು ಹೇಳುಲೆಡಿಯ. ಪಂಪು ನಿಂದತ್ತು, ಇಪ್ಪ ಆಮ್ಲಜನಕವ ದೊಡ್ಡ ಮೈಗೊ ಮುಗುಶುತ್ತವು. ಇನ್ನೊಂದು, ಇದಕ್ಕೆ ಸಂಬಂಧ ಇಲ್ಲದ್ದರೂ ಹೇಳೆಕ್ಕು: ಅಡಕ್ಕಗೆ ಮದ್ದು ಬಿಡುವ ಸಮಯಲ್ಲಿ ಮೈಲುತುತ್ತು ಕಲಸಿದ ಬಾಲ್ದಿಲಿ ಟೇಂಕಿನ ನೀರು ಹೊರೆಡಿ. ನಮ್ಮ ಬಾವಿಯ ಮೆದು ನೀರಿಲಿ ತಾಮ್ರದ ವಿಷ ಮೀನಿಂಗೆ ಬೇಗ ತಟ್ಟುತ್ತು.

'ಟೇಂಕು ಕ್ಲೀನು ಮಾಡ್ತು' ಹೇಳಿ ತಪ್ಪ ಸಕ್ಕರ್ ಮೀನಿನ ಕತೆಯುದೇ ಇದೇ. ಅದು ಒಂದಡಿ ದಾಂಟಿ ಬೆಳೆತ್ತು. ರೆಕ್ಕೆಲಿ ಗಟ್ಟಿ ಮುಳ್ಳು ಬೇರೆ. ದೊಡ್ಡ ಮೀನು ಸಣ್ಣ ಸಕ್ಕರಿನ ನುಂಗುಲೆ ಹೆರಟರೆ ಮುಳ್ಳು ಬಿಡುಸಿ ಗಂಟಲಿಲಿ ಸಿಕ್ಕಿ, ಎರಡೂ ಸಾವದಿದ್ದು.

ಇನ್ನು ಹೇಳದ್ದೆ ಮನಸ್ಸು ಕೇಳದ್ದ ಸಂಗತಿ. ಕೇಕಿಲಿ ಮೊಟ್ಟೆ ಇದ್ದೋ ಹೇಳಿ ಮೂರು ಸರ್ತಿ ಕೇಳುವ ಮನೆಗೊ ನಮ್ಮದು. ನೀರುಳ್ಳಿ ದೇವರ ಕೋಣೆಯ ಹೊಡೆಂಗೆ ಬಪ್ಪಲಾಗ. ಅಂತಾ ಮನೆಯ ಚಾವಡಿಲಿ ಆದಿತ್ಯವಾರ ಹೊತ್ತೋಪಗ ಮಕ್ಕಳ ಸುತ್ತ ನಿಲ್ಲುಸಿ, ಜೀವಂತ ಗಪ್ಪಿಗಳ ಒಂದೊಂದೇ ಓಸ್ಕರಿನ ಬಾಯಿಗೆ ಬಿಟ್ಟು, ಅದರ ಮೊಬೈಲಿಲಿ ತೆಗದು ನೆಂಟರ ಗ್ರೂಪಿಂಗೆ ಹಾಕುದು! ಮಾಂಸ ತಿಂಬದು ಓಸ್ಕರಿನ ಹುಟ್ಟುಗುಣ, ಅದರ ಆನು ಬೈತ್ತಿಲ್ಲೆ. ಆದರೆ ಅದಕ್ಕೆ ಒಣ ಕಾಳಿನ ಆಹಾರ ಅಂಗಡಿಲಿ ಸಿಕ್ಕುತ್ತು, ಅದನ್ನೇ ತಿಂದು ಲಾಯ್ಕ ಬೆಳೆತ್ತು. ಜೀವಂತ ಹಾಕುದು ಅದರ ಹಶುವಿಂಗೆ ಅಲ್ಲ, ನಮ್ಮ ತಮಾಷೆಗೆ. ಅಂಗಡಿಯ ಸಣ್ಣ ಮೀನಿನ ಒಟ್ಟಿಂಗೆ ಅದರ ಸೀಕುದೇ ಬತ್ತು. ಗೋಲ್ಡ್‌ಫಿಶ್ಶಿನ ತಿಂಬಲೆ ಹಾಕುತ್ತವು ಕೇಳಿಗೊಳ್ಳಿ: ಅದರ ಮೈಲಿ ಬಿ1 ಜೀವಸತ್ವವ ಹಾಳು ಮಾಡ್ತ ಅಂಶ ಇದ್ದು, ಅದನ್ನೇ ತಿಂದರೆ ದೊಡ್ಡ ಮೀನಿಂಗೂ ಕೇಡು. ಆ ಹೊತ್ತಿಲಿ ಟೇಂಕಿನ ಮುಂದೆ ಚಪ್ಪಾಳೆ ತಟ್ಟುವ ಆರು ವರ್ಷದ ಕೂಸಿಂಗೆ ನಾವು ಎಂತ ಕಲಿಶಿದ್ದು ಹೇಳಿ ಆರಾದರೂ ಗ್ರೂಪಿಲಿ ಕೇಳಿದವೋ?

ವಾಸ್ತುವಿನ ಮಾತು ಬೇಡ. ಫ್ಲವರ್‌ಹಾರ್ನಿನ ಹಣೆಯ ಬುಗುಟು ದೊಡ್ಡ ಆದಷ್ಟು ಪೈಸೆ ಬತ್ತು ಹೇಳ್ತವು. ಅದು ಮಲೇಶ್ಯಾಲ್ಲಿ ಮನುಷ್ಯರೇ ಬೇರೆ ಬೇರೆ ಜಾತಿಯ ಬೆರಕೆ ಮಾಡಿ ಮಾಡಿದ ಮೀನು, 1990ರ ಮತ್ತಾಣದ್ದು. ನಮ್ಮ ವಾಸ್ತುಪುರುಷಂಗೆ ಅದರ ಗುರ್ತ ಇಪ್ಪಲೆ ಸಾಧ್ಯ ಇಲ್ಲೆ.

ಬುದ್ಧಿವಂತರು ಕೇಳುವ ಪ್ರಶ್ನೆ ಒಂದಿದ್ದು, ಅದಕ್ಕೆ ಸಮಾಧಾನಲ್ಲಿ ಉತ್ತರ ಕೊಡೆಕ್ಕು. "ಕುಕ್ಕೆಲಿ ಕುಮಾರಧಾರೆಲಿ ದೊಡ್ಡ ದೊಡ್ಡ ದೇವರ ಮೀನುಗಳ ಎಡೆಲಿ ಸಣ್ಣವು ಇಲ್ಲೆಯೋ? ತೊಡಿಕಾನಲ್ಲಿ ಇಲ್ಲೆಯೋ? ಪ್ರಕೃತಿಲಿ ಎಲ್ಲ ಒಟ್ಟಿಂಗೇ ಅಲ್ದೋ?" ಅಪ್ಪು, ಇದ್ದವು. ದೇವರ ಮೀನು ಮಹಶೀರ್ ಜಾತಿ, ನೀರಿಂಗೆ ಬಿದ್ದ ಹಣ್ಣು, ಪಾಚಿ, ಹುಳು, ನಾವು ಹಾಕುವ ಹೊದಳು ಎಲ್ಲ ತಿಂತು, ಸಣ್ಣ ಮೀನು ಸಿಕ್ಕಿರೆ ಅದನ್ನೂ ಬಿಡ. ಆದರೆ ಅಲ್ಲಿ ಸಣ್ಣದಕ್ಕೆ ಓಡುಲೆ ಜಾಗೆ ಇದ್ದು. ಕಲ್ಲಿನ ಸೆರೆ, ಬೇರಿನ ಎಡೆ, ದೊಡ್ಡದಕ್ಕೆ ಬಪ್ಪಲೆಡಿಯದ್ದ ಮೊಣಕಾಲು ನೀರು. ಪುಷ್ಪಗಿರಿಂದ ಇಳುದು ಉಪ್ಪಿನಂಗಡಿಲಿ ನೇತ್ರಾವತಿಗೆ ಸೇರುವ ವರೆಗೆ ಹೊಳೆಯೇ ಅದರ ಮನೆ. ಎರಡಡಿಯ ಗಾಜಿಲಿ ನಾಲ್ಕು ಮೂಲೆ ಇದ್ದು, ನಾಲ್ಕೂ ಕಾಣ್ತು. ಓಡುಲೆ ಎಡಿಯದ್ದಲ್ಲಿ ಪ್ರಕೃತಿಯ ಹೆಸರು ತೆಗವಲಾಗ.

ಎನ್ನ ನಿಜವಾದ ಹೆದರಿಕೆ ಟೇಂಕಿನ ಒಳ ಅಲ್ಲ, ಅದರಿಂದ ಹೆರ. ಮೀನು ದೊಡ್ಡಾತು, ಸಣ್ಣವು ಮುಗುದತ್ತು, ಹೆಮ್ಮಕ್ಕೊಗೆ ತೊಳದು ಸಾಕಾತು. ಅಂಬಗ ಮನೆ ಯಜಮಾನ° ಹೇಳ್ತ°, "ಪಾಪ, ಅದರ ತೋಟದ ಕೆರೆಗೆ ಬಿಡುವೊ°. ಪುಣ್ಯ ಬಕ್ಕು." ಇದರಲ್ಲಿ ಪುಣ್ಯ ಎಲ್ಲಿಂದ? ಆಟಿಲಿ ಕೆರೆ ತುಂಬಿ ಹೆರ ಹೋಪದು ತೋಡಿಂಗೆ, ತೋಡು ಹೋಪದು ಕುಮಾರಧಾರೆಗೋ, ಪಯಸ್ವಿನಿಗೋ. 2018ರ ಆಗಸ್ಟಿಲಿ ಜೋಡುಪಾಲ ಹೊಡೆಲಿ ಗುಡ್ಡೆ ಜರುದಪ್ಪಗ ಪಯಸ್ವಿನಿ ಹೇಂಗೆ ಬಂತು ಹೇಳಿ ಸುಳ್ಯದವಕ್ಕೆ ಮರದ್ದಿಲ್ಲೆ. ಅದೇ ವರ್ಷದ ನೆರೆ ಕಳುದ ಮತ್ತೆ ಕೇರಳದ ಹೊಳೆಗಳಲ್ಲಿ ಬಲೆ ಹಾಕಿದವಕ್ಕೆ ಅಮೆಜಾನಿನ ಅರಪೈಮ, ಉತ್ತರ ಅಮೇರಿಕದ ಎಲಿಗೇಟರ್ ಗಾರ್ ಸಿಕ್ಕಿತ್ತು. ಅವು ಈಜಿಗೊಂಡು ಸಮುದ್ರ ದಾಂಟಿ ಬಂದದಲ್ಲ, ಆರೋ ಸಾಂಕಿದ ಮೀನುಗೊ. ಸಕ್ಕರ್ ಮೀನು ಈಗಾಗಳೇ ನಮ್ಮ ದೇಶದ ಎಷ್ಟೋ ಕೆರೆ-ಹೊಳೆಲಿ ಸಂಸಾರ ಹೂಡಿದ್ದು. ಆಫ್ರಿಕಾದ ಮುಗುಡಿನ ಸರಕಾರ 2000ರಲ್ಲೇ ನಿಷೇಧ ಮಾಡಿದ್ದು, ಅದುದೇ ಪೂರ ಹೋಯಿದಿಲ್ಲೆ. ಒಂದರಿ ನೀರಿಂಗೆ ಇಳುದರೆ ವಾಪಸು ಹಿಡಿವಲೆ ಆರಿಂಗೂ ಎಡಿಯ.

ನಮ್ಮ ಹೊಳೆಲಿ ಎಂತ ಇದ್ದು ಹೇಳಿ ನವಗೇ ಗೊಂತಿಲ್ಲೆ. ಕೆಂಪು ಗೆರೆಯ 'ಮಿಸ್ ಕೇರಳ' ಹೇಳ್ತ ಚೆಂದದ ಮೀನು ಪ್ರಪಂಚಲ್ಲಿ ಇಪ್ಪದೇ ಪಶ್ಚಿಮ ಘಟ್ಟದ ಹೊಳೆಗಳಲ್ಲಿ, ಹೆರದೇಶದ ಟೇಂಕುಗೊಕ್ಕೆ ಹಿಡುದು ಹಿಡುದು ಅದು ಅಳಿವಿನಂಚಿಂಗೆ ಬೈಂದು. ಅಲ್ಲಿಯ ಟೇಂಕಿಂಗೆ ನಮ್ಮ ಪಾಪದ ಮೀನು, ನಮ್ಮ ಹೊಳೆಗೆ ಅಲ್ಲಿಯ ರಾಕ್ಷಸ°! ಹತ್ತರಾಣ ಶಿಶಿಲಲ್ಲಿ 1996ರಲ್ಲಿ ಆರೋ ಕಪಿಲೆಗೆ ವಿಷ ಹಾಕಿ ದೇವರ ಮೀನುಗೊ ರಾಶಿ ರಾಶಿ ಸತ್ತಿದ್ದವು. ಊರವು ಆ ಮೀನುಗೊಕ್ಕೆ ಸ್ಮಾರಕ ಕಟ್ಟಿಸಿದವು. ಅಷ್ಟು ಪ್ರೀತಿ ಇಪ್ಪ ಸೀಮೆ ಇದು. ವಿಷ ಹಾಕಿದವನ ಎಲ್ಲೋರೂ ಬೈದವು. ಓಸ್ಕರಿನ ಬಾಲ್ದಿ ಹಿಡ್ಕೊಂಡು ತೋಡಿನ ಕರೆಂಗೆ ಹೋಪವನ ಆರೂ ಬೈತ್ತವಿಲ್ಲೆ, 'ಪ್ರಾಣಿ ದಯೆ' ಹೇಳ್ತವು.

ಎರಡಡಿ ಟೇಂಕಿಂಗೆ ಎಂತ ಹಾಕೆಕ್ಕು ಕೇಳ್ತಿ ಆದರೆ, ಎಂಟು-ಹತ್ತು ಟೆಟ್ರಾ, ಅಲ್ಲದ್ದರೆ ಚೆರಿ ಬಾರ್ಬ್. ನಮ್ಮ ಬಾವಿಯ ಮೆದು ನೀರಿಂಗೆ ಅವು ಚೆಂದಕ್ಕೆ ಹೊಂದುತ್ತವು. ಮೋಲಿಗೆ ಗಡಸು ನೀರೇ ಕೊಶಿ. ಟೈಗರ್ ಬಾರ್ಬ್ ಬೇಡ, ಸಣ್ಣ ಆದರೂ ಬಾಲ ಕಚ್ಚುವ ಜಾತಿ. ಓಸ್ಕರೇ ಆಯೆಕ್ಕು ಹೇಳಿ ಹಟ ಇದ್ದರೆ ನಾಲ್ಕಡಿಯ ಟೇಂಕು ತನ್ನಿ, ಅದರ ಒಂದನ್ನೇ ಬಿಡಿ. ಅದು ಸಾಂಕಿದವರ ಗುರ್ತ ಹಿಡಿತ್ತು, ತಿಂಬಲೆ ಹಾಕುಲೆ ಬಂದರೆ ಗಾಜಿನ ಹತ್ತರೆ ಬತ್ತು, ಅದಕ್ಕೆ ಜತೆ ನಿಂಗಳೇ ಸಾಕು.

ಈಗಾಗಳೇ ತಂದು ಬೆಳದಿದ್ದರೆ, ತಂದ ಅಂಗಡಿಯವರ ಹತ್ತರೆ ಕೇಳಿ, ಕೆಲವು ಜೆನ ವಾಪಸು ತೆಕ್ಕೊಳ್ತವು. ಪುತ್ತೂರಿಲಿ ಆಗದ್ದರೆ ಮಂಗ್ಳೂರಿಲಿ ದೊಡ್ಡ ಟೇಂಕು ಮಡಗಿದವು ಇದ್ದವು. ಮುಚ್ಚಳ ಇಪ್ಪ ದೊಡ್ಡ ಬಾಲ್ದಿಲಿ ಅದೇ ಟೇಂಕಿನ ನೀರು ಅರ್ಧ, ಮುಚ್ಚಳಕ್ಕೆ ನಾಕು ಒಟ್ಟೆ, ಹೆರಡುವ ಮುನ್ನಾಣ ದಿನ ತಿಂಬಲೆ ಹಾಕೆಡಿ, ಉದಿಯಪ್ಪಗ ತಂಪಿಲಿ ಹೆರಡಿ.