ಹೊಣೆ ಚಾಲಕನೊಬ್ಬನದೇ?

2013ರ ಜುಲೈ 6ರ ನಡುರಾತ್ರಿ ಕೆನಡಾದ ಲ್ಯಾಕ್ ಮೆಗಾಂಟಿಕ್ ಪಟ್ಟಣಕ್ಕೆ, ಕಚ್ಚಾ ತೈಲದ 72 ಟ್ಯಾಂಕರ್‌ಗಳನ್ನು ಹೊತ್ತ ಗೂಡ್ಸ್ ರೈಲು ಚಾಲಕನಿಲ್ಲದೆ ಉರುಳಿಬಂದು ಹಳಿ ತಪ್ಪಿ ಸ್ಫೋಟಿಸಿತು. 47 ಮಂದಿ ಬಲಿಯಾದರು.

ಇದನ್ನು ವಿಧಿಯ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಅಷ್ಟು ದೊಡ್ಡ ರೈಲನ್ನು ಕಂಪೆನಿಯು ಒಬ್ಬನೇ ನೌಕರನ ಕೈಗೊಪ್ಪಿಸಿತ್ತು. ಆತ ಇಳಿಜಾರಿನಲ್ಲಿ ರೈಲು ನಿಲ್ಲಿಸಿ ಹಾಕಿದ್ದು ಏಳು ಹ್ಯಾಂಡ್‌ಬ್ರೇಕ್. ಬೇಕಿದ್ದುದು ಕನಿಷ್ಠ 17. ದುರಸ್ತಿ ಸರಿಯಾಗದ ಇಂಜಿನ್‌ಗೆ ಬೆಂಕಿ ತಗಲಿದಾಗ ಅಗ್ನಿಶಾಮಕರು ಅದನ್ನು ಆರಿಸಿ, ಇಂಜಿನ್ ಬಂದ್ ಮಾಡಿದರು. ಗಾಳಿಯ ಒತ್ತಡ ಸೋರಿತು, ರೈಲು ಜಾರಿತು. ತನಿಖಾ ಮಂಡಳಿ ಪಟ್ಟಿ ಮಾಡಿದ ಕಾರಣಗಳು 18. ಕಂಪೆನಿಯ ದುರ್ಬಲ ಸುರಕ್ಷತಾ ವ್ಯವಸ್ಥೆ, ಸರಕಾರದ ಸಡಿಲ ಮೇಲ್ವಿಚಾರಣೆ ಎರಡೂ ಅದರಲ್ಲಿದ್ದವು. ಆದರೆ ಸಾವುಗಳಿಗಾಗಿ ವಿಚಾರಣೆಗೆ ಕಟಕಟೆಯಲ್ಲಿ ನಿಂತವರು ಮೂವರು ನೌಕರರು. 2018ರಲ್ಲಿ ಜ್ಯೂರಿ ಅವರನ್ನು ಖುಲಾಸೆಗೊಳಿಸಿತು.

ನಮ್ಮಲ್ಲೇನು? 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾದಿಂದ ಜಲ್ಲಿ ತುಂಬಿದ ಗೂಡ್ಸ್ ರೈಲೊಂದು ಚಾಲಕನಿಲ್ಲದೆ ಸುಮಾರು 70 ಕಿ.ಮೀ. ಓಡಿ ಪಂಜಾಬಿನಲ್ಲಿ ನಿಂತಿತು. ತೈಲವಿರಲಿಲ್ಲ, ಪ್ರಾಣಹಾನಿಯಾಗಲಿಲ್ಲ, ಆದ್ದರಿಂದಲೇ ಏನೋ ಚರ್ಚೆಯೂ ಬೇಗನೆ ತಣ್ಣಗಾಯಿತು. ಚಾಲಕ, ಸ್ಟೇಶನ್ ಮಾಸ್ಟರ್ ಸೇರಿದಂತೆ ಕೆಲವರು ಅಮಾನತುಗೊಂಡರು. ತಪ್ಪಿದ ನೌಕರನಿಗೆ ಶಿಕ್ಷೆಯಾಗಲಿ, ನಮ್ಮ ತಕರಾರಿಲ್ಲ. ಒಬ್ಬನ ಮರೆವಿನಿಂದಲೇ ರೈಲು ಓಡಿಹೋಗಬಲ್ಲ ವ್ಯವಸ್ಥೆಯನ್ನು ಇಟ್ಟುಕೊಂಡವರನ್ನು ಯಾರು ವಿಚಾರಿಸುತ್ತಾರೆ?